ಒಂಬತ್ತನೇ ಬಾವಿಯೂ ಅಕ್ಕನ ಊಟವೂ

ಗುಳ್ಳೆರಾಯನಿಗೆ ಆ ಹೆಸರಿಟ್ಟವರು ಯಾರೆಂಬ ಬಗ್ಗೆ ಭಿನ್ನಾಭಿಪ್ರಾಯವಿದೆ. ವ್ಯಾನಿನ ಡ್ರೈವರ್ ತಾನೇ ಎನ್ನುತ್ತಾನೆ, ಲ್ಯಾಬಿನ ಮೇಡಂ ಅದು ತಮ್ಮ ಕೊಡುಗೆ ಎನ್ನುತ್ತಾರೆ. ಹೆಸರು ಸರಿಯಾಗಿಯೇ ಇದೆ ಎಂಬ ಬಗ್ಗೆ ಮಾತ್ರ ಯಾರದೂ ತಕರಾರಿಲ್ಲ.

ಅವನ ಯುದ್ಧಭೂಮಿ ಒಂದು ಹಳೆಯ ಪೆಟ್ರೋಲ್ ಡಿಪೋ. ಅಲ್ಲಿ ನೆಲದಡಿ ಹೂತಿದ್ದ ಟ್ಯಾಂಕುಗಳು ಇಪ್ಪತ್ತು ವರ್ಷದ ಹಿಂದೆ ಸೋರಿದವು. ಎಷ್ಟು ಸೋರಿತೆಂದು ಕಂಪನಿಗೆ ಗೊತ್ತಿಲ್ಲ. ಗೊತ್ತಿಲ್ಲವೆಂಬುದನ್ನು ಮಾತ್ರ ನಾನೂರು ಪುಟಗಳಲ್ಲಿ ವಿವರವಾಗಿ ಬರೆದಿಟ್ಟಿದೆ. ಟ್ಯಾಂಕುಗಳನ್ನು ಅಗೆದು ತೆಗೆದರು. ಸೋರಿದ್ದನ್ನು ತೆಗೆಯಲು ಬರುವುದಿಲ್ಲವಾದ್ದರಿಂದ, ಅದು ಎಲ್ಲಿಗೆ ಹೋಗುತ್ತಿದೆ ಎಂದು ನೋಡಿಕೊಂಡಿರಲು ಹದಿನಾಲ್ಕು ಬಾವಿ ಕೊರೆಸಿದರು. ಬಾವಿ ಎಂದರೆ ಹಗ್ಗ, ಕೊಡ, ರಾಟೆ ಎಂದೆಲ್ಲ ಕಲ್ಪಿಸಿಕೊಳ್ಳಬಾರದು. ನೆಲದಿಂದ ಮೊಣಕಾಲೆತ್ತರಕ್ಕೆ ಎದ್ದು ನಿಂತ ಪೈಪು, ಅದಕ್ಕೊಂದು ಮುಚ್ಚಳ, ಮುಚ್ಚಳಕ್ಕೊಂದು ಬೀಗ, ಅಷ್ಟೇ. ಮೂರು ತಿಂಗಳಿಗೊಮ್ಮೆ ಈ ಹದಿನಾಲ್ಕು ಬೀಗ ತೆಗೆದು, ನೀರು ಹಿಡಿದು, ಲ್ಯಾಬಿಗೆ ಮುಟ್ಟಿಸುವುದು ಗುಳ್ಳೆರಾಯನ ಕೆಲಸ. ಹತ್ತೊಂಬತ್ತು ವರ್ಷದಿಂದ ಅದನ್ನೇ ಮಾಡುತ್ತಿದ್ದ.

ನೀರು ಹಿಡಿಯುವುದು ಯಾರಿಗೆ ಬರುವುದಿಲ್ಲ ಎಂದು ಕೇಳುವವರಿದ್ದಾರೆ. ಅವರು ಗುಳ್ಳೆರಾಯನ ಮುಂದೆ ಕೇಳಿ ನೋಡಬೇಕು. ಮೊದಲು ಪೈಪಿನಲ್ಲಿ ನಿಂತ ಹಳೆಯ ನೀರನ್ನು ಪಂಪಿನಿಂದ ಹೊರಗೆ ಹಾಕಬೇಕು. ಆಮೇಲೆ ಊರಿಬರುವ ಹೊಸ ನೀರನ್ನು ಹೆಬ್ಬೆರಳಿಗಿಂತ ತುಸು ದಪ್ಪಗಿನ ಗಾಜಿನ ಸೀಸೆಗೆ, ಅಂಚಿನ ಮೇಲೆ ಉಬ್ಬಿ ನಿಲ್ಲುವಷ್ಟು ತುಂಬಿ, ಮುಚ್ಚಳ ತಿರುಗಿಸಿ, ತಲೆಕೆಳಗು ಮಾಡಿ, ಬೆರಳಿನಿಂದ ಎರಡು ಸಲ ತಟ್ಟಿ, ಬೆಳಕಿಗೆ ಹಿಡಿದು ನೋಡಬೇಕು. ಒಳಗೆ ಗಾಳಿಗುಳ್ಳೆ ಓಡಾಡಿದರೆ ಆ ಸೀಸೆ ಕೆಟ್ಟಿತು. ಪೆಟ್ರೋಲಿಗೆ ನೀರಿನಲ್ಲಿ ಬಾಳುವ ಮನಸ್ಸು ಯಾವತ್ತೂ ಇಲ್ಲ. ಚೂರು ಗಾಳಿ ಸಿಕ್ಕರೆ ಸಾಕು, ಗಂಟುಮೂಟೆ ಕಟ್ಟಿಕೊಂಡು ಅದರೊಳಗೆ ಓಡಿಹೋಗುತ್ತದೆ. ಲ್ಯಾಬಿನವರು ನೀರನ್ನು ಪರೀಕ್ಷಿಸಿ, ಇಲ್ಲಿ ಯಾರೂ ಇಲ್ಲ ಎಂದು ಬರೆದುಬಿಡುತ್ತಾರೆ. ಬಟಾಣಿಗಿಂತ ಚಿಕ್ಕ ಗುಳ್ಳೆಯನ್ನು ನಿಯಮ ಕ್ಷಮಿಸುತ್ತದೆ. ಗುಳ್ಳೆರಾಯ ಸಾಸಿವೆಯಷ್ಟಿದ್ದರೂ ಕ್ಷಮಿಸುತ್ತಿರಲಿಲ್ಲ. ಸೀಸೆ ಎಸೆದು ಇನ್ನೊಂದು ತೆಗೆಯುತ್ತಿದ್ದ.

ಈ ಚಾಳಿ ಡಿಪೋದ ಗೇಟು ದಾಟಿಯೂ ಅವನ ಬೆನ್ನು ಬಿಡುತ್ತಿರಲಿಲ್ಲ. ಕೆಮ್ಮಿನ ಔಷಧಿಯ ಬಾಟಲಿಯನ್ನೂ ತಲೆಕೆಳಗು ಮಾಡಿ ತಟ್ಟುತ್ತಿದ್ದ. ಒಮ್ಮೆ ಮದುವೆಯ ಮಾತುಕತೆಗೆಂದು ಹೋದವನು, ಹುಡುಗಿಯ ತಂದೆ ಕೊಟ್ಟ ನೀರಿನ ಲೋಟವನ್ನು ಕಿಟಕಿಯ ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ, ಅರ್ಧ ನಿಮಿಷ ನೋಡಿದನಂತೆ. ಮಾತುಕತೆ ಅಲ್ಲಿಗೇ ಮುಗಿಯಿತು. ಆ ಮನೆಯ ನೀರು ಚೆನ್ನಾಗಿತ್ತು ಎಂದು ಅವನು ಈಗಲೂ ಪ್ರಾಮಾಣಿಕವಾಗಿ ಒಪ್ಪಿಕೊಳ್ಳುತ್ತಾನೆ.

ಹೀಗೆ ಬ್ರಹ್ಮಚಾರಿಯಾಗಿ ಉಳಿದವನ ಊಟದ ಚಿಂತೆ ಅಕ್ಕನಿಗೆ. ಅಕ್ಕನ ಮನೆ ಇದ್ದದ್ದು ಡಿಪೋದ ಹಿಂದಿನ ಗೋಡೆಗೆ ಅಂಟಿಕೊಂಡ ಓಣಿಯಲ್ಲಿ. ಗೋಡೆಯ ಈಚೆ, ಮೂಲೆಯಲ್ಲಿ, ಒಂಬತ್ತನೇ ಬಾವಿ. ಗೋಡೆಗೊಂದು ಚಿಕ್ಕ ಕಬ್ಬಿಣದ ಗೇಟು. ಗೇಟಿನಿಂದ ಅಕ್ಕನ ಅಡುಗೆಮನೆಗೆ ಹದಿನೈದು ಹೆಜ್ಜೆ. ಹದಿನಾಲ್ಕು ಬಾವಿಗಳ ಸರದಿಯಲ್ಲಿ ಒಂಬತ್ತನೆಯದು ಪ್ರತಿ ಸಲವೂ ಸರಿಯಾಗಿ ನಡುಮಧ್ಯಾಹ್ನಕ್ಕೇ ಬರುತ್ತಿದ್ದುದು ಕಾಕತಾಳೀಯ ಎಂದು ಗುಳ್ಳೆರಾಯ ಹೇಳುತ್ತಿದ್ದ. ಹತ್ತೊಂಬತ್ತು ವರ್ಷದಲ್ಲಿ ಅವನು ಹೇಳಿದ ಏಕೈಕ ಸುಳ್ಳು ಅದಿರಬೇಕು.

ಒಂಬತ್ತನೇ ಬಾವಿ ಹುಟ್ಟು ಸೋಮಾರಿ. ಹಳೆಯದರ ಬದಲಿಗೆ ಹನ್ನೊಂದು ವರ್ಷದ ಹಿಂದೆ ಕೊರೆಸಿದ್ದು, ಜೇಡಿಮಣ್ಣಿನಲ್ಲಿ ಕೂತದ್ದು; ಪಂಪು ಹಾಕಿದರೆ ಹತ್ತು ನಿಮಿಷಕ್ಕೆ ತಳ ಕಾಣುತ್ತಿತ್ತು, ಮತ್ತೆ ನೀರು ಊರಬೇಕಾದರೆ ಕಾಯಬೇಕು. ಕಾಯುವುದಕ್ಕೆ ಅಕ್ಕನ ಅಡುಗೆಮನೆಗಿಂತ ಪ್ರಶಸ್ತವಾದ ಸ್ಥಳ ಯಾವುದಿದೆ? ಗುಳ್ಳೆರಾಯ ಬಾವಿಯನ್ನು ಬರಿದು ಮಾಡಿ, ಅದಕ್ಕೂ ಒಂದಿಷ್ಟು ಗಾಳಿಯಾಡಲಿ ಎಂದು ಮುಚ್ಚಳ ತೆಗೆದಿಟ್ಟು, ಗೇಟು ದಾಟಿ, ಕೈಕಾಲು ತೊಳೆದು, ಹೊಟ್ಟೆ ತುಂಬ ಉಂಡು, ಬಾಗಿಲ ಪಕ್ಕದ ಬೆಂಚಿನ ಮೇಲೆ ಒಂದು ಗಡದ್ದು ನಿದ್ದೆ ತೆಗೆದು ವಾಪಸು ಬರುತ್ತಿದ್ದ. ಬಂದು ಸೀಸೆ ತುಂಬುತ್ತಿದ್ದ. ಗುಳ್ಳೆ ನೋಡುತ್ತಿದ್ದ. ಹನ್ನೊಂದು ವರ್ಷದಲ್ಲಿ ನಲವತ್ತನಾಲ್ಕು ಊಟ. ಒಂಬತ್ತನೇ ಬಾವಿಯ ನಲವತ್ತನಾಲ್ಕು ರಿಪೋರ್ಟುಗಳೂ ಒಂದೇ ಮಾತು ಹೇಳಿದವು: ಪೆಟ್ರೋಲು ಪತ್ತೆಯಾಗಿಲ್ಲ.

ಆ ಎರಡು ಪದಗಳ ಮೇಲೆ ಬಹಳ ಜನರ ನೆಮ್ಮದಿ ನಿಂತಿತ್ತು. ಒಂಬತ್ತನೆಯದು ಗಡಿ ಕಾಯುವ ಬಾವಿ. ಅದರಲ್ಲಿ ಪೆಟ್ರೋಲಿಲ್ಲ ಎಂದರೆ ಸೋರಿದ್ದು ಗೋಡೆ ದಾಟಿಲ್ಲ. ಗೋಡೆ ದಾಟಿಲ್ಲ ಎಂದರೆ ಓಣಿಯ ಬೋರ್‌ವೆಲ್‌ಗಳನ್ನು ಪರೀಕ್ಷಿಸುವ ಅಗತ್ಯವಿಲ್ಲ. ಅಗತ್ಯವಿಲ್ಲ ಎಂದಮೇಲೆ ಯಾರೂ ಪರೀಕ್ಷಿಸಲಿಲ್ಲ. ಒಳಗಿನ ಬಾವಿಗಳೂ ವರ್ಷದಿಂದ ವರ್ಷಕ್ಕೆ ಶುದ್ಧವಾಗುತ್ತ ಬಂದಿದ್ದವು. ಹದಿನಾಲ್ಕೂ ಬಾವಿಗಳು ಸತತ ನಾಲ್ಕು ಸಲ ಪಾಸಾದರೆ ಇಲಾಖೆ ಫೈಲು ಮುಚ್ಚುತ್ತದೆ, ಕಂಪನಿ ಜಾಗ ಮಾರಿ ಕೈತೊಳೆದುಕೊಳ್ಳುತ್ತದೆ. ಮೂರು ಸಲ ಆಗಿತ್ತು. ನಾಲ್ಕನೆಯದಕ್ಕೆ ಡಿಪೋದ ಮ್ಯಾನೇಜರ್ ಬೀಳ್ಕೊಡುಗೆಯ ಭಾಷಣವನ್ನೂ ಬರೆದುಕೊಂಡಿದ್ದ.

ಅಷ್ಟರಲ್ಲಿ ಅಕ್ಕನ ಸೊಸೆ ಬಾಯಿ ತೆರೆದಳು.

ಆ ನಾಲ್ಕನೇ ಸರದಿಗೆ ಮೂರು ದಿನ ಮೊದಲು ಗುಳ್ಳೆರಾಯ ಅಕ್ಕನ ಮನೆಗೆ ಹೋಗಿದ್ದ. ಸೊಸೆ ಮೂರು ತಿಂಗಳ ಮಗಳಿಗೆ ಸ್ನಾನ ಮಾಡಿಸಿ ಹೊರಗೆ ಬಂದಳು.

"ಮಾವ, ಬಚ್ಚಲಿಗೆ ಸ್ವಲ್ಪ ಹೋಗಿಬನ್ನಿ."

"ಯಾಕಮ್ಮಾ?"

"ಬಿಸಿನೀರು ಸುರಿದ ತಕ್ಷಣ ಸ್ಕೂಟರ್ ಅಂಗಡಿ ವಾಸನೆ. ಪಾಪು ಕೆಮ್ಮುತ್ತೆ. ಒಂದು ತಿಂಗಳಿಂದ ಹೇಳ್ತಿದ್ದೀನಿ, ಅತ್ತೆಗೂ ವಾಸನೆ ಬರುತ್ತೆ."

ಗುಳ್ಳೆರಾಯ ಬಚ್ಚಲಿಗೆ ಹೋಗಿ ಮೂಸಿದ. ಹತ್ತೊಂಬತ್ತು ವರ್ಷ ಪೆಟ್ರೋಲಿನ ಸಹವಾಸ ಮಾಡಿದ ಅವನ ಮೂಗು ಯಾವತ್ತೋ ಸ್ವಯಂನಿವೃತ್ತಿ ತೆಗೆದುಕೊಂಡಿತ್ತು. ಸೋಪಿನ ವಾಸನೆಯೂ ಬರಲಿಲ್ಲ.

"ಏನೂ ಇಲ್ಲ," ಎಂದ. "ಹನ್ನೊಂದು ವರ್ಷದ ರಿಪೋರ್ಟ್ ಇದೆ. ಪತ್ತೆಯಾಗಿಲ್ಲ."

"ನಿಮ್ಮ ರಿಪೋರ್ಟಿಗೆ ಮೂಗಿದೆಯಾ ಮಾವ?"

"ಮೂಗಿಗೆ ಭ್ರಮೆಯಾಗುತ್ತಮ್ಮಾ. ಸೀಸೆಗೆ ಆಗಲ್ಲ. ನನ್ನ ಸೀಸೆಯಲ್ಲಿ ಸಾಸಿವೆ ಕಾಳಷ್ಟು ಗುಳ್ಳೆ ತೋರಿಸು, ನಾಳೆಯೇ ಕೆಲಸ ಬಿಡ್ತೀನಿ."

ಅಕ್ಕ ಅಡುಗೆಮನೆಯಿಂದ ಸೌಟಿನ ಸಮೇತ ಬಂದಳು. "ಅಂದ್ರೆ ನಾನೂ ನನ್ನ ಸೊಸೆಯೂ ಭ್ರಮೆಯಲ್ಲಿ ಬದುಕ್ತಿದ್ದೀವಿ."

"ಹಾಗಲ್ಲ ಅಕ್ಕ."

"ಹಾಗೇ ಅಂದಿದ್ದು ನೀನು. ಹೋಗಲಿ ಬಿಡು. ಈ ಸಲ ಬಾವಿ ಕೆಲಸಕ್ಕೆ ಬರ್ತೀಯಲ್ಲ, ಊಟಕ್ಕೂ ನಿನ್ನ ರಿಪೋರ್ಟನ್ನೇ ತಿನ್ನು. ಅದು ಶುದ್ಧವಾಗಿರುತ್ತೆ."

ಅಕ್ಕ ಮಾತಿಗೆ ತಪ್ಪುವವಳಲ್ಲ. ಸರದಿಯ ದಿನ ಹನ್ನೆರಡೂ ಹತ್ತಕ್ಕೆ ಗುಳ್ಳೆರಾಯ ಒಂಬತ್ತನೇ ಬಾವಿಯನ್ನು ಬರಿದು ಮಾಡಿ, ಅಭ್ಯಾಸಬಲದಿಂದ ಗೇಟಿನತ್ತ ನಡೆದ. ಗೇಟಿಗೆ ಆಚೆಯಿಂದ ಬೀಗ. ಗೋಡೆಯ ಮೇಲಿನಿಂದ ಬದನೆಕಾಯಿ ಹುರಿಯುವ ಸದ್ದು ಬಂತು. ಎರಡು ಸಲ ಕೆಮ್ಮಿದ. ಒಳಗಿನಿಂದ ಅಕ್ಕನೂ ಎರಡು ಸಲ ಕೆಮ್ಮಿದಳು, ಬೀಗ ತೆಗೆಯಲಿಲ್ಲ. ನಮ್ಮ ವೀರ ಸೋತು ಬಾವಿಯ ಪಕ್ಕ ಬಕೆಟ್ಟು ಬೋರಲು ಹಾಕಿ ಕೂತ. ಹಸಿದವನಿಗೆ ಹೊತ್ತು ಹೋಗುವುದಿಲ್ಲ. ಇಪ್ಪತ್ತು ನಿಮಿಷಕ್ಕೆ ಬಾವಿಯೊಳಗೆ ಇಣುಕಿದರೆ ತಳದಲ್ಲಿ ಸೀಸೆಗೆ ಸಾಲುವಷ್ಟು ನೀರಿತ್ತು. ಕೂತು ಮಾಡುವುದೇನು ಎಂದು ತುಂಬಿಬಿಟ್ಟ.

ವಾರದ ಮೇಲೆ ರಿಪೋರ್ಟು ಬಂತು. ಒಂಬತ್ತನೇ ಬಾವಿಯಲ್ಲಿ ಪೆಟ್ರೋಲು ಪತ್ತೆಯಾಗಿತ್ತು. ಬರೀ ಪತ್ತೆಯಾದದ್ದಲ್ಲ, ಮಿತಿಯ ಮೂವತ್ತು ಪಟ್ಟು ಕಾಲು ಚಾಚಿ ಕೂತಿತ್ತು.

ಮ್ಯಾನೇಜರ್ ಮೊದಲು ಮಾಡಿದ್ದು ಎಲ್ಲ ಮ್ಯಾನೇಜರುಗಳೂ ಮಾಡುವ ಕೆಲಸ. ಪಂಪು ನಡೆಸುವ ಜನರೇಟರಿಗೆ ಪೆಟ್ರೋಲು ಹಾಕಿದ ಕೈಯಲ್ಲೇ ಸೀಸೆ ಮುಟ್ಟಿದ್ದಾನೆ ಎಂದು ಗುಳ್ಳೆರಾಯನ ಮೇಲೆ ಗೂಬೆ ಕೂರಿಸಿದ. ಆದರೆ ಈ ವಿದ್ಯೆಯನ್ನು ಕಂಡುಹಿಡಿದವರು ಮ್ಯಾನೇಜರುಗಳ ಸ್ವಭಾವ ಬಲ್ಲವರು. ಸೀಸೆಗಳ ಐಸ್‌ ಪೆಟ್ಟಿಗೆಯಲ್ಲಿ ಒಂದು ಸಾಕ್ಷಿ ಸೀಸೆ ಇರುತ್ತದೆ. ಲ್ಯಾಬಿನಲ್ಲೇ ಶುದ್ಧ ನೀರು ತುಂಬಿ ಮೊಹರು ಮಾಡಿದ ಅದು ದಿನವಿಡೀ ಜೊತೆಯಲ್ಲೇ ತಿರುಗಿ, ತೆರೆಯದೆಯೇ ಲ್ಯಾಬಿಗೆ ಮರಳುತ್ತದೆ. ಪೆಟ್ಟಿಗೆಯೊಳಗೆ ಪೆಟ್ರೋಲಿನ ಹಬೆ ನುಸುಳಿದ್ದರೆ ಅದರಲ್ಲಿ ಸಿಕ್ಕಿಬೀಳಬೇಕು. ಕೈ ತೊಳೆದ ನೀರನ್ನೂ ಗುಳ್ಳೆರಾಯ ಬೇರೆ ಸೀಸೆಯಲ್ಲಿ ಹಿಡಿದುಕೊಟ್ಟಿದ್ದ. ಹಾಗೆ ಮಾಡೆಂದು ಯಾರೂ ಹೇಳಿರಲಿಲ್ಲ. ಎರಡೂ ಹಾಲಿನಷ್ಟು ನಿರ್ಮಲ.

ಲ್ಯಾಬಿನ ಮೇಡಂ ಅವನನ್ನು ಕರೆಸಿ, ಮೇಜಿನ ತುಂಬ ಹಳೆಯ ಹಾಳೆ ಹರಡಿ ಕೂರಿಸಿಕೊಂಡರು. ಪ್ರತಿ ಬಾವಿಗೂ ಒಂದು ಹಾಳೆ. ಪಂಪು ನಿಲ್ಲಿಸಿದ್ದು ಎಷ್ಟು ಗಂಟೆಗೆ, ಸೀಸೆ ತುಂಬಿದ್ದು ಎಷ್ಟು ಗಂಟೆಗೆ ಎಂದು ಗುಳ್ಳೆರಾಯನ ಮುತ್ತು ಪೋಣಿಸಿದ ಅಕ್ಷರ.

"ಪಂಪ್ ನಿಲ್ಲಿಸಿದ್ದು ಹನ್ನೆರಡೂ ಹತ್ತು. ಸೀಸೆ ತುಂಬಿದ್ದು ಎರಡೂ ಐವತ್ತು. ಎಲ್ಲಾ ಸಲವೂ ಹೀಗೇ. ಈ ಸಲ ಮಾತ್ರ ಹನ್ನೆರಡೂವರೆ. ಯಾಕೆ?"

"ಈ ಸಲ ಊಟ ಇರಲಿಲ್ಲ ಮೇಡಂ."

"ಊಟ?"

"ಅಕ್ಕನ ಮನೇಲಿ. ಬಾವಿಯಲ್ಲಿ ನೀರು ಊರೋ ತನಕ."

"ಆಗ ಮುಚ್ಚಳ?"

"ತೆಗೆದೇ ಇಟ್ಟಿರ್ತಿದ್ದೆ."

ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಬರಿದಾದ ಪೈಪಿನ ಗೋಡೆಗುಂಟ ನೀರು ತೊಟ್ಟುತೊಟ್ಟಾಗಿ ಇಳಿಯುತ್ತ, ಎರಡೂವರೆ ಗಂಟೆ ತೆರೆದ ಗಾಳಿಯಲ್ಲಿ ಕೂತರೆ ಅದರಲ್ಲಿದ್ದ ಪೆಟ್ರೋಲು ಏನು ಮಾಡುತ್ತದೆಂದು ಅವರು ವಿವರಿಸುವ ಅಗತ್ಯ ಬೀಳಲಿಲ್ಲ. ಗುಳ್ಳೆರಾಯನ ಮುಖ ಆಗಲೇ ಬಿಳುಚಿತ್ತು. ಸಾಸಿವೆಯಷ್ಟು ಗುಳ್ಳೆಗೂ ಮಾಫಿ ಕೊಡದವನು ಬಾವಿಯಷ್ಟು ದೊಡ್ಡ ಗುಳ್ಳೆಯನ್ನು ಹನ್ನೊಂದು ವರ್ಷ ಬಾಯಿ ತೆರೆದಿಟ್ಟು, ಪಕ್ಕದಲ್ಲೇ ಗೊರಕೆ ಹೊಡೆದಿದ್ದ.

"ಯಾವಾಗಿಂದ ಪೆಟ್ರೋಲಿದೆ ಮೇಡಂ?"

"ಹೇಳೋಕಾಗಲ್ಲ. ಹೋದ ವರ್ಷ ಬಂದಿರಬಹುದು. ಹತ್ತು ವರ್ಷದಿಂದಲೂ ಇರಬಹುದು." ಅವರು ಹಾಳೆಗಳನ್ನು ಒಟ್ಟುಮಾಡಿದರು. "ನೀವು ಏನನ್ನೂ ಮುಚ್ಚಿಟ್ಟಿಲ್ಲ, ನಿಮಿಷ ಸಮೇತ ಬರೆದಿದ್ದೀರಿ. ಹನ್ನೊಂದು ವರ್ಷ ನಾವು ಯಾರೂ ಓದಿಲ್ಲ, ನಾನೂ ಸೇರಿ."

ಅದು ಸಮಾಧಾನದ ಮಾತಾಗಿತ್ತು. ಗುಳ್ಳೆರಾಯನಿಗೆ ಕೇಳಿಸಿದ್ದು ಮಾತ್ರ ಪಾಪುವಿನ ಕೆಮ್ಮು.

ಈ ಸಂಗತಿ ಮ್ಯಾನೇಜರನ ಕಿವಿಗೆ ಬಿದ್ದಾಗ ಅವನಿಗಾದ ಆನಂದವನ್ನು ವರ್ಣಿಸುವುದು ಕಷ್ಟ. ಎದ್ದು ಬಂದು ಗುಳ್ಳೆರಾಯನ ಹೆಗಲ ಮೇಲೆ ಕೈ ಹಾಕಿದ. ಹತ್ತೊಂಬತ್ತು ವರ್ಷದಲ್ಲಿ ಅವನ ಕೈ ಅಷ್ಟು ದೂರ ಬಂದದ್ದು ಅದೇ ಮೊದಲು.

"ರಾಯರೇ, ಒಂದು ಸಲ ಏರುಪೇರಾದ್ರೆ ಮತ್ತೊಮ್ಮೆ ಮಾದರಿ ತೆಗೆಯೋ ಅವಕಾಶ ನಿಯಮದಲ್ಲೇ ಇದೆ. ಸೋಮವಾರ ತೆಗೀರಿ."

"ತೆಗೀತೀನಿ ಸರ್."

"ಆದರೆ ಹಿಂದೆಲ್ಲ ಹೇಗೆ ತೆಗೆದಿದ್ರೋ ಹಾಗೇ ತೆಗೀಬೇಕು. ನಲವತ್ತನಾಲ್ಕು ಸಲ ಒಂದು ಪದ್ಧತಿ, ನಲವತ್ತೈದನೇ ಸಲ ಇನ್ನೊಂದು ಅಂದ್ರೆ ಹೋಲಿಸೋದು ಹೇಗೆ? ವಿಜ್ಞಾನ ಒಪ್ಪುತ್ತಾ?"

"ಅಂದ್ರೆ ಸರ್?"

"ಊಟ ಮಾಡಿ ಅಂತ. ನಿಮ್ಮ ಅಕ್ಕ ಹಾಕದಿದ್ರೆ ಏನಂತೆ, ನನ್ನ ರೂಮಿನಲ್ಲೇ ವ್ಯವಸ್ಥೆ ಮಾಡಿಸ್ತೀನಿ. ನಿಧಾನಕ್ಕೆ ಊಟ ಮಾಡಿ. ಸೋಫಾ ಇದೆ, ಅಲ್ಲೇ ಅಡ್ಡಾಗಿ. ಫೈಲು ಮುಚ್ಚಿದ ಮೇಲೆ ಕಂಪನಿಯ ಎಲ್ಲಾ ಡಿಪೋಗಳ ಬಾವಿಗಳಿಗೂ ನೀವೇ ಮುಖ್ಯಸ್ಥರು. ಯಾರೂ ಒಂದು ಸುಳ್ಳಕ್ಷರ ಬರೆಯೋ ಹಾಗಿಲ್ಲ ನೋಡಿ. ಬರೀ ಊಟ."

ಹೀಗೆ ಮನುಕುಲದ ಇತಿಹಾಸದಲ್ಲೇ ಮೊದಲ ಬಾರಿಗೆ ಒಬ್ಬನ ಮಧ್ಯಾಹ್ನದ ನಿದ್ದೆ ಕಂಪನಿಯ ಅಧಿಕೃತ ಕಾರ್ಯಕ್ರಮವಾಯಿತು.

ಸೋಮವಾರ ಹನ್ನೆರಡೂ ಹತ್ತಕ್ಕೆ ಒಂಬತ್ತನೇ ಬಾವಿ ಬರಿದಾಯಿತು. ಮ್ಯಾನೇಜರನ ರೂಮಿನಿಂದ ತಟ್ಟೆ ಜೋಡಿಸುವ ಸದ್ದು ಕೇಳಿಸಿತು. ಡ್ರೈವರ್ ಬಂದು ಕರೆದ.

"ರಾಯರೇ, ಆರು ಬಗೆ ಮಾಡಿಸಿದ್ದಾರೆ. ಸಾಹೇಬರು ಇನ್ನೂ ಒಂದು ತುತ್ತೂ ಮುಟ್ಟಿಲ್ಲ, ನಿಮಗೇ ಕಾಯ್ತಿದ್ದಾರೆ. ನನಗೂ ಒಂದು ತಟ್ಟೆ ಇದೆಯಂತೆ, ಸ್ವಲ್ಪ ಬೇಗ ಬನ್ನಿ."

"ಬರ್ತೀನಿ, ನಡಿ," ಎಂದ ಗುಳ್ಳೆರಾಯ. ಬಕೆಟ್ಟು ಬೋರಲು ಹಾಕಿ ಕೂತ.

ಎರಡೂವರೆ ಗಂಟೆ ಏನನ್ನೂ ಮಾಡದಿದ್ದರೆ ಸಾಕಿತ್ತು. ಒಂಬತ್ತನೇ ಬಾವಿ ಮತ್ತೆ ಪರಮಪಾವನಿಯಾಗುತ್ತಿತ್ತು, ಹನ್ನೊಂದು ವರ್ಷದ ಕೆಲಸಕ್ಕೆ ಕಪ್ಪು ಹತ್ತುತ್ತಿರಲಿಲ್ಲ, ಗುಳ್ಳೆರಾಯ ಎಂಬ ಹೆಸರು ಗೌರವದಿಂದ ನಿವೃತ್ತಿಯಾಗುತ್ತಿತ್ತು. ಈಗ ಸೀಸೆ ತುಂಬಿದರೆ, ಇಷ್ಟು ವರ್ಷ ಏನು ಕಡಿದು ಗುಡ್ಡೆ ಹಾಕಿದೆ ಎಂದು ಲೋಕ ಕೇಳುವಾಗ, ಊಟ ಮಾಡುತ್ತಿದ್ದೆ ಎಂದು ಉತ್ತರ ಕೊಡಬೇಕಿತ್ತು.

ಗೋಡೆಯ ಮೇಲೆ ಅಕ್ಕನ ತಲೆ ಕಾಣಿಸಿತು. ಆಚೆ ಸ್ಟೂಲು ಹಾಕಿಕೊಂಡು ನಿಂತಿದ್ದಳು.

"ಏನೋ, ಬಿಸಿಲಲ್ಲಿ ಕೂತಿದ್ದೀಯ. ಊಟ ಆಯ್ತಾ?"

"ಇಲ್ಲ."

"ಆಫೀಸಲ್ಲಿ ಹಬ್ಬದೂಟದ ವಾಸನೆ ಬರ್ತಿದೆ. ಯಾರಿಗೆ?"

"ನನಗೆ."

"ನಿನಗಾ? ನಿನ್ನನ್ನೇನು ಬಲಿ ಕೊಡ್ತಿದ್ದಾರಾ?"

"ನನ್ನನ್ನಲ್ಲ ಅಕ್ಕ, ನಿನ್ನ ಮನೆ ನೀರನ್ನ." ಗುಳ್ಳೆರಾಯ ಬಕೆಟ್ಟಿನಿಂದ ಎದ್ದ. "ನಿನ್ನ ಸೊಸೆ ಹೇಳಿದ್ದೇ ಸರಿ. ನಾನು ನಿಮ್ಮನೇಲಿ ಉಂಡು ಮಲಗಿ ಏಳೋ ಹೊತ್ತಿಗೆ ಬಾವಿಯಲ್ಲಿದ್ದ ಪೆಟ್ರೋಲೆಲ್ಲ ಗಾಳಿಗೆ ಹೋಗಿರ್ತಿತ್ತು. ಅದಕ್ಕೇ ಸಿಗ್ತಿರಲಿಲ್ಲ."

ಅಕ್ಕ ಇದನ್ನು ನಿಧಾನವಾಗಿ ಅಗಿದಳು. "ಅಂದ್ರೆ ಹನ್ನೊಂದು ವರ್ಷದ್ದು ನನ್ನ ಅಡುಗೆಯ ತಪ್ಪು."

"ಅಡುಗೆಯದ್ದಲ್ಲ. ನನ್ನ ನಿದ್ದೆಯದ್ದು."

"ರುಚಿಯಾಗಿ ಮಾಡಿದ್ದಕ್ಕೆ ತಾನೇ ನಿದ್ದೆ ಬಂದಿದ್ದು?"

"ಹೌದು."

"ಹಾಗೆ ಹೇಳು ಮತ್ತೆ." ಮುಂದಿನ ಮಾತಿನಲ್ಲಿ ಚೇಷ್ಟೆ ಇರಲಿಲ್ಲ. "ಪಾಪುಗೆ ಏನಾದ್ರೂ ಆಗುತ್ತೇನೋ?"

"ಗೊತ್ತಿಲ್ಲ ಅಕ್ಕ. ಡಾಕ್ಟರಿಗೆ ತೋರಿಸೋಣ. ಇವತ್ತಿಂದ ಆ ನೀರು ಮುಟ್ಟಬೇಡಿ. ಕುಡಿಯೋಕೂ ಬೇಡ, ಸ್ನಾನಕ್ಕೂ ಬೇಡ."

"ಮತ್ತೆ ಅಲ್ಲಿ ಊಟಕ್ಕೆ ಕರೀತಿದ್ದಾರಲ್ಲ?"

ಗುಳ್ಳೆರಾಯ ಗಡಿಯಾರ ನೋಡಿದ. ಇಪ್ಪತ್ತು ನಿಮಿಷವಾಗಿತ್ತು. ಕೈಗವಸು ಹಾಕಿಕೊಂಡು ಮೂರು ಸೀಸೆ ತುಂಬಿದ. ಒಂದೊಂದನ್ನೂ ತಲೆಕೆಳಗು ಮಾಡಿ, ತಟ್ಟಿ, ಬೆಳಕಿಗೆ ಹಿಡಿದ. ಎರಡನೆಯದರಲ್ಲಿ ಸಾಸಿವೆಯಷ್ಟೂ ಇಲ್ಲದ ಒಂದು ಗುಳ್ಳೆ ಓಡಿತು. ಹಸಿದ ಹೊಟ್ಟೆಯಲ್ಲೂ ಅದನ್ನು ಎಸೆದು ಇನ್ನೊಂದು ತುಂಬಿದ.

"ಅಕ್ಕ, ಗೇಟು ತೆಗಿ. ನಿನ್ನ ಬಚ್ಚಲಿನ ನಲ್ಲಿಯದ್ದೂ ಮೂರು ಸೀಸೆ ಬೇಕು."

ಬೀಗ ತೆರೆಯಿತು.

ಆಮೇಲೆ ಅವನು ಆಫೀಸಿಗೆ ಹೋದ. ಮ್ಯಾನೇಜರ್ ಕರವಸ್ತ್ರ ಕೊರಳಿಗೆ ಸಿಕ್ಕಿಸಿಕೊಂಡು ಕೂತಿದ್ದ. "ಬನ್ನಿ ರಾಯರೇ, ಇನ್ನೂ ಒಂದು ಗಂಟೆಯೂ ಆಗಿಲ್ಲ, ಬೇಕಾದಷ್ಟು ಹೊತ್ತಿದೆ."

"ಮುಗೀತು ಸರ್," ಎಂದು ಗುಳ್ಳೆರಾಯ ಹಾಳೆಯನ್ನು ಆರು ಬಗೆಯ ನಡುವೆ, ಇದ್ದ ಒಂದಿಷ್ಟು ಜಾಗದಲ್ಲಿ ಇಟ್ಟ. ಪಂಪು ನಿಲ್ಲಿಸಿದ್ದು ಹನ್ನೆರಡೂ ಹತ್ತು, ಸೀಸೆ ತುಂಬಿದ್ದು ಹನ್ನೆರಡೂ ಮೂವತ್ತೆರಡು. ಷರಾ ಎಂಬ ಅಂಕಣದಲ್ಲಿ, ಹನ್ನೊಂದು ವರ್ಷ ಖಾಲಿಯಿದ್ದ ಜಾಗದಲ್ಲಿ, ಅದೇ ಮುತ್ತಿನಂಥ ಅಕ್ಷರ: ಹಿಂದಿನ ನಲವತ್ತನಾಲ್ಕು ಮಾದರಿಗಳನ್ನು ಊಟ ಮತ್ತು ನಿದ್ದೆಯ ನಂತರ ತೆಗೆಯಲಾಗಿದೆ, ಅವುಗಳನ್ನು ನಂಬಬಾರದು, ತಪ್ಪು ನನ್ನದು. ಕೆಳಗೆ ಸಹಿ.

ಮ್ಯಾನೇಜರ್ ಓದಿದ. ಆ ಹಾಳೆಗಳನ್ನು ಡಿಪೋದಲ್ಲಿ ಯಾರಾದರೂ ಪೂರ್ತಿ ಓದಿದ್ದು ಅದೇ ಮೊದಲಿರಬೇಕು.

"ಇದನ್ನ ಹರಿದು ಇನ್ನೊಂದು ಬರೀರಿ."

"ಇದರ ಪ್ರತಿ ಸೀಸೆಗಳ ಜೊತೆ ಆಗಲೇ ಪೆಟ್ಟಿಗೆಯಲ್ಲಿದೆ ಸರ್. ವ್ಯಾನ್ ಹೊರಟಿದೆ."

ಡ್ರೈವರ್ ಒಂದು ತಟ್ಟೆ ಊಟ ತ್ಯಾಗ ಮಾಡಿ ಲ್ಯಾಬಿಗೆ ಗಾಡಿ ಓಡಿಸಿದ್ದ. ಆ ತ್ಯಾಗದ ಕತೆಯನ್ನು ಅವನು ಇವತ್ತಿಗೂ ಹೇಳುತ್ತಾನೆ. ಪ್ರತಿ ಸಲ ಹೇಳುವಾಗಲೂ ತಟ್ಟೆಗೆ ಒಂದು ಬಗೆ ಹೆಚ್ಚಾಗುತ್ತದೆ.

ಅಕ್ಕನ ನಲ್ಲಿಯಲ್ಲೂ ಪೆಟ್ರೋಲಿತ್ತು. ಬಾವಿಯಷ್ಟಲ್ಲ, ಆದರೆ ಮಗುವಿಗೆ ಸ್ನಾನ ಮಾಡಿಸುವಷ್ಟು ಕಡಿಮೆಯೂ ಅಲ್ಲ. ಫೈಲು ಮುಚ್ಚಲಿಲ್ಲ. ಓಣಿಯ ಬೋರ್‌ವೆಲ್‌ಗಳಿಗೆ ಬೀಗ ಬಿತ್ತು, ಕಂಪನಿಯ ಟ್ಯಾಂಕರ್ ದಿನಕ್ಕೆರಡು ಸಲ ಬರತೊಡಗಿತು. ಪಾಪುವಿನ ಕೆಮ್ಮು ಎರಡು ವಾರದಲ್ಲಿ ನಿಂತಿತು. ಆರು ತಿಂಗಳಿಗೊಮ್ಮೆ ಕರೆತರಲು ಡಾಕ್ಟರು ಹೇಳಿದ್ದಾರೆ. ಆ ದಿನಗಳಂದು ಗುಳ್ಳೆರಾಯ ಯಾರೊಡನೆಯೂ ಮಾತಾಡುವುದಿಲ್ಲ. ಮ್ಯಾನೇಜರನನ್ನು ದೊಡ್ಡ ಡಿಪೋಗೆ ವರ್ಗ ಮಾಡಿದರು. ಇಂಥದಕ್ಕೆಲ್ಲ ಶಿಕ್ಷೆ ಇರುವುದೇ ಹಾಗೆ. ಗುಳ್ಳೆರಾಯನಿಗೆ ಒಂದು ಎಚ್ಚರಿಕೆಯ ಪತ್ರ ಸಿಕ್ಕಿತು. ಇಲಾಖೆಯೂ ಕೈಕಟ್ಟಿ ಕೂರಲಿಲ್ಲ: ಬಾವಿಯ ಹಾಳೆಯಲ್ಲಿ ಊಟದ ಸಮಯ ಎಂಬ ಹೊಸ ಅಂಕಣ ಸೇರಿಸಿತು. ಅದನ್ನು ಯಾರು ಓದಬೇಕೆಂಬ ಬಗ್ಗೆ ಸಮಿತಿ ಇನ್ನೂ ಯೋಚಿಸುತ್ತಿದೆ.

ಅಕ್ಕನ ಬೋರ್‌ವೆಲ್ಲು ಈಗ ಹದಿನೈದನೇ ಬಾವಿ. ಮೂರು ತಿಂಗಳಿಗೊಮ್ಮೆ ಗುಳ್ಳೆರಾಯ ಅಂಗಳದಲ್ಲಿ ಮಂಡಿಯೂರಿ ಸೀಸೆ ತುಂಬುವಾಗ ಅಕ್ಕ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿರುತ್ತಾಳೆ. ತಟ್ಟೆಯ ಮೇಲೆ ಮುಚ್ಚಳ ಇರುತ್ತದೆ.

"ತಟ್ಟು," ಎನ್ನುತ್ತಾಳೆ.

ತಟ್ಟುತ್ತಾನೆ.

"ಇಲ್ಲಿ ಕೊಡು, ನಾನೂ ನೋಡಬೇಕು." ಸೊಸೆಯನ್ನೂ ಕರೆಯುತ್ತಾಳೆ. ಇಬ್ಬರೂ ಸೀಸೆಯನ್ನು ಬಿಸಿಲಿಗೆ ಹಿಡಿದು, ಒಂದು ಕಣ್ಣು ಮುಚ್ಚಿ, ಅರ್ಧ ನಿಮಿಷ ನೋಡುತ್ತಾರೆ. ಅನ್ನ ಆರುತ್ತಿರುತ್ತದೆ. ಗುಳ್ಳೆರಾಯ ಕೈಕಟ್ಟಿಕೊಂಡು ಕಾಯುತ್ತಾನೆ.